ಉದ್ದ ಬೆನ್ನಿನ ಡೀಸೆಲ್ ಕಾರು ನಮಗೆ ಒಗ್ಗೀತೇ?

ಹಸು ಕೊಳ್ಳುವವರು ಕೊಟ್ಟಿಗೆಯ ಬಾಗಿಲಲ್ಲೇ ನಿಂತು ವ್ಯಾಪಾರ ಮುಗಿಸುವುದಿಲ್ಲ. ಹಲ್ಲು ನೋಡುತ್ತಾರೆ, ಕೆಚ್ಚಲು ಮುಟ್ಟುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ, ಸಾಧ್ಯವಾದರೆ ಎರಡು ಹೊತ್ತು ಹಾಲು ಕರೆದು ನೋಡುತ್ತಾರೆ. ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಬೆಲೆಯ ಹಳೆಯ ಕಾರನ್ನು ಕೊಳ್ಳುವಾಗ ಮಾತ್ರ ನಮ್ಮಲ್ಲಿ ಅನೇಕರು ಬಣ್ಣ ನೋಡಿ, ಸೀಟಿನ ಬಟ್ಟೆ ನೋಡಿ, ಒಂದು ಫರ್ಲಾಂಗು ಓಡಿಸಿ ಮುಂಗಡ ಕೊಟ್ಟು ಬಿಡುತ್ತಾರೆ. ಕೊಂಡ ಮೇಲೆ ವರ್ಕ್‌ಶಾಪಿನ ಮೆಟ್ಟಿಲು ಹತ್ತಿ ಇಳಿಯುವ ಪುಣ್ಯ ಅವರದು. ಕಳೆದ ಕೆಲವು ವಾರಗಳಲ್ಲಿ ಇಂತಹ ಒಂದು ಕಾರನ್ನು ಓಡಿಸಿ, ಅಳೆದು, ತೂಗಿ ನೋಡುವ ಸಂದರ್ಭ ನಮಗೆ ಒದಗಿತು. ಅದರಲ್ಲಿ ಕಂಡ ಸಂಗತಿಗಳು ಗಡಿನಾಡಿನ ನಾಲ್ಕು ಮನೆಗಳಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಮನೆಯಲ್ಲಿರುವುದು ಒಂದು ಸಣ್ಣ ಪೆಟ್ರೋಲ್ ಕಾರು. ಬರುವ ಜೂನಿಗೆ ಅದಕ್ಕೆ ಹದಿನೈದು ವರ್ಷ ತುಂಬುತ್ತದೆ. ಆಮೇಲೆ ಅದನ್ನು ತಪಾಸಣೆಗೆ ಒಪ್ಪಿಸಿ, ತೆರಿಗೆ ಕಟ್ಟಿ, ಐದು ವರ್ಷಗಳಿಗೆ ಆರ್.ಸಿ. ನವೀಕರಿಸಬೇಕು, ಇಲ್ಲವೇ ಬದಲಿಸಬೇಕು. ಬರೇ ಶಾಲೆಗೆ ಹೋಗಿ ಬರುವ ಪ್ರಶ್ನೆಯಾಗಿದ್ದರೆ ಇಷ್ಟು ಯೋಚನೆ ಬೇಕಿರಲಿಲ್ಲ. ಎಪ್ಪತ್ತೆಂಟರ ನಮ್ಮ ತಾಯಿಯವರು ಕಳೆದ ಮಳೆಗಾಲದಲ್ಲಿ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದರು. ಮಂಗಳೂರಿನಲ್ಲಿ ಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯಾಯಿತು. ತಿಂಗಳಿಗೆ ಎರಡು ಸಲ ಅಲ್ಲಿಗೆ ಕರೆದೊಯ್ಯಬೇಕು. ಗಾಲಿಕುರ್ಚಿಯನ್ನು ಮಡಚಿದರೂ ಸಣ್ಣ ಕಾರಿನ ಡಿಕ್ಕಿಯಲ್ಲಿ ಹಿಡಿಸುವುದಿಲ್ಲ. ಹಿಂದಿನ ಸೀಟು ಮಡಚಿದರೆ ಜೊತೆಗೆ ಹೋಗುವವರಿಗೆ ಜಾಗವಿಲ್ಲ. ಹೀಗಾಗಿ ಹಿಂಬದಿ ಉದ್ದವಾಗಿರುವ, ಡೀಸೆಲಿನಲ್ಲಿ ಓಡುವ ಒಂದು ಎಸ್ಟೇಟ್ ಕಾರು ವಿಟ್ಲದ ಕಡೆ ಮಾರಾಟಕ್ಕಿದೆ ಎಂದು ಗೆಳೆಯರೊಬ್ಬರು ಹೇಳಿದಾಗ ನಮ್ಮ ಕಿವಿ ನೆಟ್ಟಗಾಯಿತು.

ಎಸ್ಟೇಟ್ ಎಂದರೆ ತೋಟವಲ್ಲ

ಎಸ್ಟೇಟ್ ಎಂದೊಡನೆ ನಮ್ಮವರಿಗೆ ರಬ್ಬರು ತೋಟ, ಕೊಡಗಿನ ಕಾಫಿ ತೋಟ ನೆನಪಾಗುವುದು ಸಹಜ. ಕಾರಿನ ಹೆಸರಿಗೂ ಭೂಮಿಗೂ ಸಂಬಂಧವಿಲ್ಲದೆ ಇಲ್ಲ. ಇಂಗ್ಲೆಂಡಿನ ಜಮೀನುದಾರರು ರೈಲು ನಿಲ್ದಾಣದಿಂದ ತಮ್ಮ ಹಳ್ಳಿಯ ಬಂಗಲೆಗೆ ಅತಿಥಿಗಳನ್ನೂ ಅವರ ಗಂಟುಮೂಟೆಗಳನ್ನೂ ಒಟ್ಟಿಗೆ ತರಲು ಹಿಂಬದಿ ಉದ್ದವಾದ ಗಾಡಿಗಳನ್ನು ಮಾಡಿಸಿಕೊಂಡರು. ಅಮೆರಿಕದವರು ಇದೇ ಜಾತಿಯನ್ನು ನಿಲ್ದಾಣದ ಹೆಸರಿನಿಂದ ಸ್ಟೇಷನ್ ವ್ಯಾಗನ್ ಎಂದು ಕರೆದರು. ಮುಂದಿನ ಅರ್ಧ ಸಾಮಾನ್ಯ ಕಾರಿನಂತೆಯೇ; ಮಾಡು ಮಾತ್ರ ಹಿಂದಿನವರೆಗೂ ನೇರವಾಗಿ ಹೋಗಿ, ಕೊನೆಯಲ್ಲಿ ಮೇಲಕ್ಕೆ ತೆರೆಯುವ ಅಗಲವಾದ ಬಾಗಿಲು. ಡಿಕ್ಕಿಯೂ ಸೀಟೂ ಒಂದೇ ಕೋಣೆ.

ನಮ್ಮ ದೇಶಕ್ಕೆ ಇದು ಹೊಸತಲ್ಲ. ಅಂಬಾಸಿಡರ್ ಕಾರಿನಲ್ಲೂ ಎಸ್ಟೇಟ್ ಮಾದರಿ ಇತ್ತು. ಟಾಟಾದವರು 1992ರಲ್ಲಿ ಎಸ್ಟೇಟ್ ಎಂಬ ಹೆಸರಿನಲ್ಲೇ ಡೀಸೆಲ್ ಕಾರೊಂದನ್ನು ತಂದರು. 2004ರಲ್ಲಿ ಇಂಡಿಗೋ ಮರೀನಾ ಬಂತು. ಯಾವುದೂ ಬಹುಕಾಲ ನಿಲ್ಲಲಿಲ್ಲ. ಆಸ್ಪತ್ರೆ ಗಾಡಿಯ ಹಾಗೆ ಕಾಣುತ್ತದೆ ಎಂಬುದು ಜನರ ಮಾತು. ಈಗ ಅದರ ಸ್ಥಾನವನ್ನು ಏಳು ಸೀಟಿನ ಎತ್ತರದ ಕಾರುಗಳು ಹಿಡಿದಿವೆ. ಆದುದರಿಂದ ಎಸ್ಟೇಟ್ ಬೇಕೆನ್ನುವ ಸಾಮಾನ್ಯ ಮನೆಯವರು ಹಳೆಯದನ್ನೇ ಹುಡುಕಬೇಕು. ನಾವು ನೋಡಿದ್ದು ಯಾವ ಕಂಪೆನಿಯದೆಂದು ಹೇಳುವ ಅಗತ್ಯವಿಲ್ಲ. ಹದಿನೈದು ದಾಟಿ, ಪುತ್ತೂರಿನಲ್ಲಿ ನವೀಕರಣವಾಗಿ, ಇನ್ನು ನಾಲ್ಕು ವರ್ಷ ಆಯುಷ್ಯ ಉಳಿದಿರುವ ಗಾಡಿ. ಬೆಲೆ ಒಂದು ಲಕ್ಷದ ಅರುವತ್ತು ಸಾವಿರ ಎಂದರು.

ತಣ್ಣಗಿನ ಯಂತ್ರ ಸುಳ್ಳು ಹೇಳುವುದಿಲ್ಲ

ಡೀಸೆಲ್ ಯಂತ್ರದ ಗುಟ್ಟನ್ನು ಮೊದಲು ತಿಳಿದುಕೊಂಡರೆ ಪರೀಕ್ಷೆ ಸುಲಭ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರ್ 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ತನ್ನ ಯಂತ್ರವನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದ. ಪೆಟ್ರೋಲ್ ಯಂತ್ರದಲ್ಲಿ ಇಂಧನಕ್ಕೆ ಕಿಡಿ ಹಚ್ಚಲು ಪ್ಲಗ್ ಬೇಕು. ಡೀಸೆಲಿನಲ್ಲಿ ಕಿಡಿಯೇ ಇಲ್ಲ. ಗಾಳಿಯನ್ನು ಹದಿನೈದು ಇಪ್ಪತ್ತು ಪಟ್ಟು ಒತ್ತಿ ಹಿಂಡಿದಾಗ ಅದು ತಾನಾಗಿ ಕಾದು ಬೆಂಕಿಯಂತಾಗುತ್ತದೆ. ಅದರೊಳಕ್ಕೆ ಚಿಮ್ಮಿದ ಎಣ್ಣೆ ತಾನೇ ಹೊತ್ತಿಕೊಳ್ಳುತ್ತದೆ. ಸೈಕಲಿಗೆ ಗಾಳಿ ಹಾಕುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನೋಡಿದ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಈ ಒತ್ತಡ ಸೋರಿದರೆ ಡೀಸೆಲ್ ಯಂತ್ರದ ಪ್ರಾಣ ಹೋದಂತೆ. ಅದು ಸೋರುತ್ತಿದೆಯೇ ಎಂಬುದು ತಿಳಿಯುವುದು ಯಂತ್ರ ತಣ್ಣಗಿರುವಾಗ.

ಆದುದರಿಂದ, ನಾವು ಬರುವ ಮೊದಲು ಸ್ಟಾರ್ಟ್ ಮಾಡಬಾರದೆಂದು ಹಿಂದಿನ ದಿನವೇ ಹೇಳಿಟ್ಟಿದ್ದೆವು. ಭಾನುವಾರ ಬೆಳಗ್ಗೆ ಹೋದವರು ನಾವು, ನಮ್ಮ ಮನೆಯವರು, ತಾಯಿಯವರು, ಮತ್ತು ನಮ್ಮ ಕಾರನ್ನು ಬಹುಕಾಲದಿಂದ ನೋಡಿಕೊಳ್ಳುತ್ತಿರುವ ವರ್ಕ್‌ಶಾಪಿನ ಇಕ್ಕ. ಇಕ್ಕನ ಮನೆಮಾತು ಮಲೆಯಾಳ, ನಮ್ಮೊಡನೆ ಆಡುವುದು ತುಳು, ಲೆಕ್ಕ ಬರೆಯುವುದು ಕನ್ನಡದಲ್ಲಿ. ಅವರು ಬಂದವರೇ ಬಾನೆಟಿನ ಮೇಲೆ ಅಂಗೈ ಇಟ್ಟರು. ತಣ್ಣಗಿತ್ತು. ಕೀಲಿ ತಿರುಗಿಸಿದಾಗ ಹಳದಿ ಬಣ್ಣದ ಸುರುಳಿ ದೀಪ ಹೊತ್ತಿತು. ಹೀಟರ್ ಕಾಯುತ್ತಿದೆ ಎಂಬುದರ ಗುರುತು ಅದು. ಆರುವವರೆಗೂ ಕಾದು ಸ್ಟಾರ್ಟ್ ಮಾಡಬೇಕು. ಎರಡನೆಯ ಪ್ರಯತ್ನಕ್ಕೆ ಯಂತ್ರ ಎದ್ದಿತು. ಬಿಳಿ ಹೊಗೆ ಒಂದಿಷ್ಟು ಬಂದು ಕೂಡಲೇ ನಿಂತಿತು.

ಹೊಗೆಯ ಬಣ್ಣವನ್ನು ಓದಲು ಬಂದರೆ ಅರ್ಧ ಪರೀಕ್ಷೆ ಮುಗಿಯಿತು. ತಣ್ಣಗಿನ ಯಂತ್ರದಲ್ಲಿ ಬಿಳಿ ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ಯಂತ್ರ ಬಿಸಿಯಾದ ಮೇಲೂ ಬಂದರೆ ಎಣ್ಣೆ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ರೇಡಿಯೇಟರಿನ ನೀರು ಒಳಗೆ ಸೇರುತ್ತಿದೆ. ನೀಲಿ ಹೊಗೆಯಾದರೆ ಎಂಜಿನ್ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆಯಾದರೆ ಇಂಧನ ಹೆಚ್ಚಾಗಿದೆ ಅಥವಾ ಗಾಳಿ ಕಡಿಮೆಯಾಗಿದೆ. ಏರ್ ಫಿಲ್ಟರ್ ಕಟ್ಟಿದರೂ ಹೀಗಾಗುತ್ತದೆ. ಆಮೇಲೆ ಇಕ್ಕ ಯಂತ್ರ ಓಡುತ್ತಿರುವಾಗಲೇ ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆದರು. ಅಲ್ಲಿಂದ ಬುಸುಗುಟ್ಟುವ ಹೊಗೆ ಬಂದರೆ ಪಿಸ್ಟನ್ನಿನ ಉಂಗುರಗಳು ಸವೆದಿವೆ ಎಂದರ್ಥ. ಸ್ವಲ್ಪವೇ ಆವಿ ಬಂತು. “ಹೃದಯ ಪರವಾಗಿಲ್ಲ ಮಾಷೇ, ಕೈಕಾಲು ನೋಡುವ” ಎಂದರು.

ಸಾರಡ್ಕದಿಂದ ಉಕ್ಕಿನಡ್ಕದವರೆಗೆ

ಓಡಿಸಿ ನೋಡಲು ಸಮತಟ್ಟಾದ ದಾರಿ ಆರಿಸಬಾರದು. ಚೆರ್ಕಳ-ಕಲ್ಲಡ್ಕ ರಸ್ತೆಯಲ್ಲಿ ವಿಟ್ಲದಿಂದ ಸಾರಡ್ಕ, ಅಡ್ಕಸ್ಥಳ, ಪೆರ್ಲದ ಮೂಲಕ ಉಕ್ಕಿನಡ್ಕದವರೆಗೆ ಬಂದು ತಿರುಗುವುದೆಂದು ನಿಶ್ಚಯಿಸಿದೆವು. ತಿರುವು, ಏರು, ಇಳಿಜಾರು, ಹಂಪು ಎಲ್ಲವೂ ಈ ದಾರಿಯಲ್ಲಿವೆ. ಮನೆಯಿಂದ ಒಂದು ಗೋಣಿ ಅಡಿಕೆಯನ್ನೂ ಗಾಲಿಕುರ್ಚಿಯನ್ನೂ ಹೇರಿಕೊಂಡು ಹೋಗಿದ್ದೆವು. ಖಾಲಿ ಗಾಡಿ ಯಾವಾಗಲೂ ಚೆನ್ನಾಗಿಯೇ ಓಡುತ್ತದೆ. ನಾಳೆ ಯಾವ ಹೊರೆ ಹೊರಬೇಕೋ ಅದನ್ನೇ ಇಂದು ಹೊರಿಸಿ ನೋಡಬೇಕು.

ಮೊದಲಿಗೆ ನಮಗೆ ಒಪ್ಪಿಗೆಯಾದದ್ದು ಹಿಂಬಾಗಿಲು. ಗಾಲಿಕುರ್ಚಿಯನ್ನು ಮೊಣಕಾಲಿನ ಎತ್ತರಕ್ಕೆ ಎತ್ತಿ ಒಳಗೆ ತಳ್ಳಿದರೆ ಸಾಕು, ಇಬ್ಬರು ಬೇಡ. ಸೀಟಿನ ಹಿಂದೆ ಅದರ ಪಕ್ಕದಲ್ಲೇ ಗೋಣಿಯೂ ಕೂತಿತು, ಮತ್ತೂ ಒಂದು ಚೀಲಕ್ಕೆ ಜಾಗವಿತ್ತು.

ಯಂತ್ರದ ಸ್ವಭಾವ ಪೆಟ್ರೋಲ್ ಕಾರಿಗಿಂತ ಬೇರೆ. ಹೊರಡುವಾಗ ಸ್ವಲ್ಪ ಉದಾಸೀನ. ಟರ್ಬೋ ಗಾಳಿ ಊದಲು ತೊಡಗಿದೊಡನೆ ಹಿಂದಿನಿಂದ ಯಾರೋ ತಳ್ಳಿದ ಹಾಗೆ ಮುಂದೆ ಹೋಗುತ್ತದೆ. ಅಡ್ಕಸ್ಥಳ ದಾಟಿದ ಮೇಲಿನ ಏರಿನಲ್ಲಿ ನಮ್ಮ ಸಣ್ಣ ಕಾರು ಎರಡನೆಯ ಗೇರಿಗೆ ಇಳಿದು ಕೂಗುತ್ತದೆ. ಇದು ಐದು ಜನರನ್ನೂ ಗೋಣಿಯನ್ನೂ ಹೊತ್ತು ಮೂರನೆಯದರಲ್ಲೇ ನಿಧಾನವಾಗಿ ಹತ್ತಿತು. ಅದೇ ಏರಿನಲ್ಲಿ ಕ್ಲಚ್ಚಿನ ಪರೀಕ್ಷೆಯನ್ನೂ ಮಾಡಬಹುದು. ಮೂರನೆಯ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಯಂತ್ರದ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದು ತಿಳಿಯಬೇಕು. ಈ ಗಾಡಿಯಲ್ಲಿ ಅದು ಸಣ್ಣಗೆ ಜಾರುತ್ತಿತ್ತು. ಕನ್ನಡಿಯಲ್ಲಿ ನೋಡಿದಾಗ ಹಿಂದೆ ಕಪ್ಪು ಹೊಗೆಯ ಬಾಲವೂ ಕಂಡಿತು.

ಪೆರ್ಲದ ಬಳಿ ಹಂಪು ದಾಟುವಾಗ ಹಿಂಭಾಗ ಕುಸಿದು ಸೈಲೆನ್ಸರ್ ನೆಲಕ್ಕೆ ಉಜ್ಜಿತು. ಉದ್ದ ಬೆನ್ನಿನ ಗಾಡಿಗೆ ಹಿಂದಿನ ಸ್ಪ್ರಿಂಗು ಮುಖ್ಯ. ವರ್ಷಗಟ್ಟಲೆ ಹೊರೆ ಹೊತ್ತರೆ ಅದು ಸೋಲುತ್ತದೆ. ಬ್ರೇಕ್ ಒತ್ತಿದಾಗ ಮಾತ್ರ ಗಾಡಿ ಆಚೀಚೆ ಎಳೆಯದೆ ನೇರವಾಗಿ ನಿಂತಿತು. ಅದೊಂದು ಸಮಾಧಾನ.

ಉಕ್ಕಿನಡ್ಕದಲ್ಲಿ ಗಾಡಿ ತಿರುಗಿಸುವಾಗ ಎದುರಿಗೆ ಮೆಡಿಕಲ್ ಕಾಲೇಜಿನ ಕಟ್ಟಡ. 2013ರಲ್ಲಿ ಇದಕ್ಕೆ ಅಡಿಗಲ್ಲು ಹಾಕಿದ್ದು. ಇಂದಿಗೂ ಗಂಭೀರ ಕಾಯಿಲೆಯೆಂದರೆ ನಮ್ಮ ಕಡೆಯ ಹೆಚ್ಚಿನವರು ಹಿಡಿಯುವುದು ಮಂಗಳೂರಿನ ದಾರಿಯನ್ನೇ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು ಐವತ್ತು ಕಿಲೋಮೀಟರು. ನಮ್ಮ ರಾಜಧಾನಿಗೆ ಐನೂರಕ್ಕೂ ಹೆಚ್ಚು. 2020ರ ಮಾರ್ಚಿನಲ್ಲಿ ಕೊರೊನಾದ ಕಾರಣಕ್ಕೆ ಕರ್ನಾಟಕ ಗಡಿ ಮುಚ್ಚಿ ದಾರಿಗಳಿಗೆ ಮಣ್ಣು ಸುರಿದಾಗ ಆ ಐವತ್ತು ಕಿಲೋಮೀಟರು ಎಷ್ಟು ದೂರವಾಯಿತೆಂಬುದನ್ನು ಗಡಿನಾಡಿನವರು ಮರೆತಿಲ್ಲ. ಮನೆಯ ಹತ್ತಿರವೇ ಚಿಕಿತ್ಸೆ ಸಿಗುವುದಾಗಿದ್ದರೆ ಅನೇಕ ಮನೆಗಳಿಗೆ ಕಾರಿನ ಉದ್ದವನ್ನು ಅಳೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಹದಿನೇಳು ಇಂಚಿನ ತೀರ್ಪು

ಕಾರು ಯಾರಿಗಾಗಿಯೋ ಅವರನ್ನೇ ಕೂರಿಸಿ ನೋಡದೆ ಪರೀಕ್ಷೆ ಮುಗಿಯುವುದಿಲ್ಲ. ಕೀಲು ಬದಲಿಸಿಕೊಂಡವರು ಮಂಡಿ ಸೊಂಟಕ್ಕಿಂತ ಮೇಲೆ ಬರುವ ಹಾಗೆ ತಗ್ಗಿನಲ್ಲಿ ಕೂರಬಾರದೆಂದು ವೈದ್ಯರು ಎಚ್ಚರಿಕೆ ಕೊಟ್ಟಿದ್ದಾರೆ. ಮನೆಯಲ್ಲಿ ತಾಯಿಯವರು ಸುಖವಾಗಿ ಎದ್ದು ಕೂರುವ ಕುರ್ಚಿಯ ಎತ್ತರ ಇಪ್ಪತ್ತು ಇಂಚು. ಟೇಪು ಹಿಡಿದು ಅಳೆದಾಗ, ಕೂತು ಒತ್ತಿದ ಮೇಲೆ ಈ ಕಾರಿನ ಸೀಟು ನೆಲದಿಂದ ಹದಿನೇಳು ಇಂಚು. ಕೂರುವಾಗ ಹೇಗೋ ಕೂತರು. ಏಳಲು ನಮ್ಮಿಬ್ಬರ ತೋಳು ಬೇಕಾಯಿತು. ಮುಖದಲ್ಲಿ ನೋವು ಕಂಡಿತು.

ಯಜಮಾನರು ಕೂಡಲೇ, “ದಪ್ಪದ ಒಂದು ದಿಂಬು ಇಟ್ಟರೆ ಸರಿಯಾಗುತ್ತದೆ ಮಾಷ್ಟ್ರೇ” ಎಂದರು. ಇಟ್ಟು ನೋಡಿದೆವು. ಎತ್ತರವೇನೋ ಸರಿಯಾಯಿತು, ತಲೆ ಬಾಗಿಲಿನ ಚೌಕಟ್ಟಿಗೆ ತಾಗಿತು. “ಕುರ್ಚಿಗೆ ಬೇಕಾದಷ್ಟು ಜಾಗ ಉಂಟು ಮಗಾ, ಕೂರುವವಳಿಗೆ ಇಲ್ಲ” ಎಂದರು ತಾಯಿಯವರು. ಗಂಟೆಗಟ್ಟಲೆ ನಾವು ಮಾಡಿದ ಪರೀಕ್ಷೆಯ ಸಾರ ಆ ಒಂದು ಮಾತಿನಲ್ಲಿತ್ತು. ಎಸ್ಟೇಟ್ ಕಾರು ಸಾಮಾನಿಗೆ ಅನುಕೂಲ, ಏರಿಗೆ ಅನುಕೂಲ. ಮಂಡಿ ಸೊಂಟದ ನೋವಿನ ಹಿರಿಯರಿರುವ ಮನೆಗೆ ಅದರ ತಗ್ಗು ಸೀಟೇ ಅಡ್ಡಿ.

ಗಡಿ ದಾಟುವ ಕಾಗದಗಳು

ಇನ್ನು ಕಾಗದದ ವಿಷಯ. ಗಡಿಯಾಚೆ ಹಳೆಯ ಕಾರುಗಳ ಬೆಲೆ ಕೆಲವೊಮ್ಮೆ ಕಡಿಮೆ ಇರುತ್ತದೆಂದು ನಮ್ಮವರು ಅಲ್ಲಿಂದ ತರುವುದುಂಟು. ಗಾಡಿ ಗಡಿ ದಾಟಿದಷ್ಟು ಸುಲಭವಾಗಿ ಅದರ ದಾಖಲೆ ದಾಟುವುದಿಲ್ಲ. ಮೋಟಾರು ವಾಹನ ಕಾಯಿದೆಯ 47ನೆಯ ಕಲಮಿನಂತೆ ಒಂದು ರಾಜ್ಯದಲ್ಲಿ ನೋಂದಾವಣೆಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ಹೊಸ ನಂಬರ್ ಪಡೆಯಬೇಕು. ಮೊದಲು ಪುತ್ತೂರಿನ ಕಚೇರಿಯಿಂದ 28ನೆಯ ನಮೂನೆಯಲ್ಲಿ ನಿರಾಕ್ಷೇಪಣಾ ಪತ್ರ, ಮಾರಾಟಕ್ಕೆ 29 ಮತ್ತು 30ನೆಯ ನಮೂನೆಗಳು, ಆಮೇಲೆ ಕೇರಳದ ತೆರಿಗೆ, ತಪಾಸಣೆ, ಕೊನೆಗೆ ಕೆ.ಎ. 21 ಹೋಗಿ ಕೆ.ಎಲ್. 14 ಬರುತ್ತದೆ. ಬ್ಯಾಂಕಿನ ಸಾಲ ತೀರಿದೆಯೇ, ಟ್ರಾಫಿಕ್ ದಂಡ ಬಾಕಿ ಇದೆಯೇ, ವಿಮೆ ಜೀವಂತವಿದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ನೋಡಬೇಕು. ಮಾರಾಟದ ಕರಾರು ಮಲೆಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ತಿಳಿದವರಿಂದ ಓದಿಸಿ, ಅರ್ಥವಾದ ಮೇಲಷ್ಟೇ ಸಹಿ ಹಾಕಬೇಕು. ಭಾಷೆ ತಿಳಿಯದೆ ಸಹಿ ಹಾಕಿದ ಕಾಗದ ಮುಂದೆ ನಮ್ಮ ಪರವಾಗಿ ಮಾತಾಡುವುದಿಲ್ಲ.

ಲೆಕ್ಕದ ಪುಸ್ತಕ ಏನು ಹೇಳುತ್ತದೆ?

ಡೀಸೆಲ್ ಕಾರು ಅಗ್ಗ ಎಂಬ ಮಾತು ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಡೀಸೆಲ್ ಬೆಲೆಯನ್ನು ಸರಕಾರ ತಗ್ಗಿಸಿ ಹಿಡಿದಿದ್ದ ಕಾಲದಲ್ಲಿ ಅದು ನಿಜವೂ ಆಗಿತ್ತು. 2014ರ ಅಕ್ಟೋಬರದಲ್ಲಿ ಆ ಹಿಡಿತ ಬಿಟ್ಟ ಮೇಲೆ ಎರಡರ ಬೆಲೆಯ ಅಂತರ ಕುಗ್ಗಿತು. ಮಂಜೇಶ್ವರದ ಕಡೆಯವರು ತಲಪಾಡಿ ದಾಟಿ ಎಣ್ಣೆ ತುಂಬಿಸಿಕೊಂಡು ಬಂದು ಲೀಟರಿಗೆ ಕೆಲವು ರೂಪಾಯಿ ಉಳಿಸುತ್ತಾರೆ. ಅದಕ್ಕೆಂದೇ ದೂರದಿಂದ ಹೋದರೆ ಉಳಿಸಿದ್ದು ದಾರಿಯಲ್ಲೇ ಸುಟ್ಟು ಹೋಗುತ್ತದೆ.

ನಮ್ಮ ಓಡಾಟ ಶಾಲೆ, ಪೇಟೆ, ಮಂಗಳೂರು ಸೇರಿ ತಿಂಗಳಿಗೆ 600 ಕಿಲೋಮೀಟರು. ಪೆಟ್ರೋಲ್ ಕಾರು ಲೀಟರಿಗೆ 15, ಡೀಸೆಲ್ ಕಾರು 20 ಕಿಲೋಮೀಟರು ಓಡುತ್ತದೆ ಎನ್ನೋಣ. 40 ಲೀಟರ್ ಪೆಟ್ರೋಲ್, ಇಲ್ಲವೇ 30 ಲೀಟರ್ ಡೀಸೆಲ್ ಬೇಕು. ಲೆಕ್ಕಕ್ಕೆ ಸುಲಭವಾಗಲೆಂದು ಪೆಟ್ರೋಲಿಗೆ 105, ಡೀಸೆಲಿಗೆ 95 ರೂಪಾಯಿ ಹಿಡಿದರೆ ಒಂದಕ್ಕೆ 4,200, ಇನ್ನೊಂದಕ್ಕೆ 2,850 ರೂಪಾಯಿ. ತಿಂಗಳಿಗೆ 1,350, ವರ್ಷಕ್ಕೆ 16,200 ರೂಪಾಯಿ ಉಳಿತಾಯ.

ಈಗ ಇನ್ನೊಂದು ಪುಟ. ಕ್ಲಚ್, ಹಿಂದಿನ ಸ್ಪ್ರಿಂಗು, ಟಯರುಗಳು, ಟೈಮಿಂಗ್ ಬೆಲ್ಟ್ ಎಲ್ಲ ಸೇರಿ ಇಕ್ಕ ಬರೆದುಕೊಟ್ಟ ಅಂದಾಜು 48 ಸಾವಿರ. ಬೆಲ್ಟ್ ಬದಲಿಸಿದ ಚೀಟಿ ಯಜಮಾನರಲ್ಲಿ ಇರಲಿಲ್ಲ. ಅದು ದಾರಿಯಲ್ಲಿ ಕಡಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿದು ಯಂತ್ರವೇ ಹಾಳಾಗುತ್ತದೆ. ಚೀಟಿ ಇಲ್ಲದಿದ್ದರೆ ಬದಲಿಸಿಲ್ಲವೆಂದೇ ತಿಳಿಯಬೇಕು. ನಮ್ಮ ಹಳೆಯ ಕಾರಿಗೆ 70 ಸಾವಿರ ಸಿಕ್ಕಿದರೆ ಕೈಯಿಂದ ಹಾಕಬೇಕಾದ್ದು 90 ಸಾವಿರ. ರಿಪೇರಿ ಸೇರಿ ಒಂದು ಲಕ್ಷದ 38 ಸಾವಿರ. ವರ್ಷಕ್ಕೆ 16,200ರಂತೆ ಇದು ಮರಳಿ ಬರಲು ಎಂಟೂವರೆ ವರ್ಷ ಬೇಕು. ಆರ್.ಸಿ.ಯಲ್ಲಿ ಉಳಿದಿರುವುದು ನಾಲ್ಕೇ ವರ್ಷ. ತೆರಿಗೆಯನ್ನು ನಾವಿನ್ನೂ ಸೇರಿಸಿಯೇ ಇಲ್ಲ. ತಿಂಗಳಿಗೆ ಎರಡು ಮೂರು ಸಾವಿರ ಕಿಲೋಮೀಟರು ಓಡುವ ಬಾಡಿಗೆಯವರಿಗೆ, ವ್ಯಾಪಾರಿಗಳಿಗೆ ಲೆಕ್ಕ ಬೇರೆ ಆದೀತು.

ಹೊಸ ಡೀಸೆಲ್ ಕಾರನ್ನೇ ಕೊಂಡರೆ? 2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮ ಬಂದಿದೆ. ಹೊಸ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಜರಡಿ ಇರುತ್ತದೆ. ಆ ಮಸಿ ಸುಟ್ಟು ಹೋಗಬೇಕಾದರೆ ಗಾಡಿ ಆಗಾಗ ಹೆದ್ದಾರಿಯಲ್ಲಿ ಬಿಡದೆ ಒಂದಿಷ್ಟು ಹೊತ್ತು ಓಡಬೇಕು. ದಿನವೂ ಮೂರು ನಾಲ್ಕು ಕಿಲೋಮೀಟರು ಮಾತ್ರ ಓಡಿಸಿದರೆ ಜರಡಿ ಕಟ್ಟುತ್ತದೆ. ಈ ನಿಯಮದ ಖರ್ಚಿನಿಂದಾಗಿಯೇ ಮಾರುತಿ ಕಂಪೆನಿ 2020ರಲ್ಲಿ ಡೀಸೆಲ್ ಕಾರುಗಳನ್ನು ಕೈಬಿಟ್ಟಿತು.

ಲೆಕ್ಕದಲ್ಲಿ ಬಾರದ ಒಂದು ಬಾಬ್ತೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ನಾವು ನೋಡಿದ ಗಾಡಿ ಮಸಿಯ ಜರಡಿ ಬರುವುದಕ್ಕಿಂತ ಹಿಂದಿನದು. ಏರಿನಲ್ಲಿ ಕನ್ನಡಿಯೊಳಗೆ ಕಂಡ ಆ ಕಪ್ಪು ಬಾಲ ನಾಳೆ ಬೆಳಗ್ಗೆ ಒಂಬತ್ತೂವರೆಗೆ ಶಾಲೆಯ ಗೇಟಿನೊಳಗೆ, ನಮ್ಮದೇ ಮಕ್ಕಳು ಸಾಲಾಗಿ ಬರುವಲ್ಲಿ ಬಿಚ್ಚಿಕೊಳ್ಳುತ್ತದೆ. ಪಾಠದಲ್ಲಿ ವಾಯುಮಾಲಿನ್ಯವನ್ನು ವಿವರಿಸುವವರಿಗೆ ಇದು ಸಣ್ಣ ಸಂಗತಿಯಲ್ಲ.

ಯಜಮಾನರಿಗೆ ಬೇಡವೆಂದು ತಿಳಿಸಿದೆವು. “ಹತ್ತು ಸಾವಿರ ಕಡಿಮೆ ಮಾಡುವ ಮಾಷ್ಟ್ರೇ” ಎಂದರು. ಬೆಲೆಯ ಮಾತಲ್ಲ, ಸೀಟಿನ ಮಾತು ಎಂದಾಗ ಅವರೂ ನಕ್ಕು ಸುಮ್ಮನಾದರು. ಸಜ್ಜನರು, ಕೇಳಿದ್ದೆಲ್ಲವನ್ನೂ ಬಿಚ್ಚಿ ತೋರಿಸಿದರು. ಅಡಿಕೆ, ಹಾಲಿನ ಕ್ಯಾನು, ಗೊಬ್ಬರ ಸಾಗಿಸುತ್ತ ದೂರ ಓಡಾಡುವ, ಗಟ್ಟಿ ಮಂಡಿಯ ಯಾರಿಗಾದರೂ ಆ ಕಾರು ಇನ್ನೂ ಕೆಲವು ವರ್ಷ ದುಡಿದು ಕೊಟ್ಟೀತು.

ನಮ್ಮ ಹಳೆಯ ಪೆಟ್ರೋಲ್ ಕಾರನ್ನು ಜೂನಿನಲ್ಲಿ ತಪಾಸಣೆಗೆ ಒಪ್ಪಿಸಿ ಐದು ವರ್ಷಕ್ಕೆ ನವೀಕರಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಮಂಗಳೂರಿನ ಆ ಎರಡು ದಿನಗಳಿಗೆ ಪಕ್ಕದೂರಿನ ಒಬ್ಬರ ಎತ್ತರದ ವ್ಯಾನನ್ನು ಬಾಡಿಗೆಗೆ ಗೊತ್ತು ಮಾಡಿದ್ದೇವೆ. ಅದರ ಸೀಟು ಇಪ್ಪತ್ತನಾಲ್ಕು ಇಂಚು, ಹತ್ತಲು ಒಂದು ಮೆಟ್ಟಿಲು, ಕುರ್ಚಿಗೆ ಹಿಂದೆ ಜಾಗ. ಕಳೆದ ವಾರ ತಾಯಿಯವರು ಬಾಗಿಲಿನ ಹಿಡಿ ಹಿಡಿದು, ಯಾರ ತೋಳೂ ಇಲ್ಲದೆ ತಾವೇ ಇಳಿದರು.